ಹೊಂಗೆಯ ನೆರಳಿನಲ್ಲಿ ಕನಕಾಂಬರ

ನಾವು ಮೊಳದ ಲೆಕ್ಕದಲ್ಲಿ ಕೊಂಡು ಜಡೆಗೆ ಮುಡಿಯುವ ಕನಕಾಂಬರವು ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಕಾಡುಗಳಲ್ಲಿ ಮರಗಳ ಕೆಳಗೆ ತಾನಾಗಿ ಬೆಳೆಯುವ ಹೂವೆಂಬುದನ್ನು ಬಲ್ಲವರು ಕೆಲವರೇ. ಪರಿಮಳವಿಲ್ಲವೆಂದು ಇದನ್ನು ಹಳಿಯುವವರುಂಟು. ಆದರೆ ಮಲ್ಲಿಗೆಯು ಬೆಳಗಾಗುವುದರೊಳಗೆ ಕಂದಿಹೋದರೂ ಕನಕಾಂಬರದ ದಂಡೆಯು ಮರುದಿನವೂ ಬಣ್ಣಗೆಡದು.

ಯಲಹಂಕದ ನಮ್ಮ ಮನೆಯ ಹಿತ್ತಿಲಲ್ಲಿ ದೊಡ್ಡದೊಂದು ಹೊಂಗೆಯ ಮರವಿದೆ. ಬಿಸಿಲನ್ನು ಬೇಡುವ ಗುಲಾಬಿ, ಸೇವಂತಿಗೆಗಳು ಅದರಡಿಯಲ್ಲಿ ಬಾಳವು. ಬರಿದಾದ ಆ ನೆಲಕ್ಕೆ ಸಿಮೆಂಟು ಹಾಕಿಸಬೇಕೆಂದು ನಮ್ಮ ಅತ್ತೆಯವರು ನಿಶ್ಚಯಿಸಿದ್ದರು. ೨೦೨೪ರ ಅಕ್ಟೋಬರಿನ ಮಳೆಯಲ್ಲಿ ಯಲಹಂಕದ ವಸತಿಗಳಲ್ಲಿಯೇ ನೀರು ನಿಂತುದನ್ನು ಕಂಡಿದ್ದ ನನಗೆ, ನೀರಿಂಗುವ ಆ ಅಂಗೈಯಗಲ ಮಣ್ಣನ್ನೂ ಮುಚ್ಚಲು ಮನಸ್ಸು ಬರಲಿಲ್ಲ. “ಒಂದು ಮಳೆಗಾಲ ತಾಳಿರಿ, ಅತ್ತೆ” ಎಂದು ಬೇಡಿಕೊಂಡೆನು. “ಹೂವಾದರೆ ಉಳಿಯಲಿ, ಇಲ್ಲವಾದರೆ ಮೇಸ್ತ್ರಿ ಬರಲಿ” ಎಂದರು.

ಯಾವ ಗಿಡವನ್ನು ಇಡುವುದು? ಡೆಲ್ಲಿ ಕನಕಾಂಬರವು ಬೀಜ ಕಟ್ಟದು. ಅದನ್ನು ಕಡ್ಡಿ ನೆಟ್ಟೇ ಬೆಳೆಸಬೇಕು. ನಮಗೆ ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕ ಮೊದಲಾದ ತಳಿಗಳನ್ನು ಹೊರತಂದಿರುವುದು; ಹೂ ಮಾರುವವರಿಗೆ ಅವು ಲೇಸು. ತಾನೇ ಬೀಜ ಚೆಲ್ಲಿ ಹಬ್ಬುವ ನಾಟಿ ಗಿಡವೇ ನನಗೆ ಬೇಕಾಗಿದ್ದಿತು. ನೆರೆಮನೆಯ ಅಜ್ಜಿಯವರು ಒಣಗಿದ ತೆನೆಗಳನ್ನು ಒಂದು ಹಿಡಿ ಕೊಟ್ಟರು. (ಕಾಡಿನಿಂದ ಗಿಡಗಳನ್ನು ಬೇರುಸಹಿತ ಕಿತ್ತು ತರುವವರನ್ನು ನಾನು ತೋಟಗಾರರೆಂದು ಕರೆಯಲಾರೆ.)

ನೆರಳು ಬೇಕು ನಿಜ, ಆದರೆ ಕಗ್ಗತ್ತಲೆಯಲ್ಲಿ ಹೂ ಬಿಡುವುದು ಕಡಿಮೆ. ಆದಕಾರಣ ಕೆಳಗಿನ ಎರಡು ಕೊಂಬೆಗಳನ್ನು ಸವರಿಸಿ ಬೆಳಗಿನ ಎಳೆಬಿಸಿಲಿಗೆ ದಾರಿ ಮಾಡಿಸಿದೆನು. ಹೊಂಗೆಯ ತರಗೆಲೆಗಳನ್ನು ಗುಡಿಸದೆ ಅಲ್ಲಿಯೇ ಕೊಳೆಯಬಿಟ್ಟೆನು. ಈ ಗಿಡದ ಬೇರಿಗೆ ಗಂಟುಕಟ್ಟಿಸುವ ಸೂಕ್ಷ್ಮ ಹುಳುಗಳ ಬಾಧೆಯುಂಟಾದುದರಿಂದ ಮಣ್ಣಿಗೆ ಬೇವಿನ ಹಿಂಡಿಯನ್ನು ಬೆರೆಸಿದೆನು. ಬುಡದಲ್ಲಿ ನೀರು ನಿಲ್ಲಲು ಬಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಏಳು ಗಿಡಗಳು ತೆನೆಯೊಡೆದವು. ಮೊದಲ ಹೂಗಳನ್ನು ಬಿಡಿಸಿದವರು ಅತ್ತೆಯವರೇ. ಮೇಸ್ತ್ರಿಯನ್ನು ಅವರು ಕರೆಸಲಿಲ್ಲ.

ಒಣಗಿದ ತೆನೆಯ ಮೇಲೆ ನೀರು ಬಿದ್ದಾಗ ನಡೆಯುವ ಚೋದ್ಯವನ್ನು ಮಾತ್ರ ಕಣ್ಣಾರೆ ನೋಡಬೇಕು. ಕಾಯಿ ಚಟ್ಟೆಂದು ಸಿಡಿದು ಬೀಜವನ್ನು ದೂರಕ್ಕೆ ಎಸೆಯುವುದು. ನೆಲ ನೆನೆದಾಗಲೇ ಬೀಜವನ್ನು ಬಿತ್ತುವ ಉಪಾಯವನ್ನು ಅದಕ್ಕೆ ಯಾರೂ ಕಲಿಸಿಲ್ಲ! ಈ ವರ್ಷದ ತೆನೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟಿದ್ದೇನೆ. ಬೇಕೆನ್ನುವ ಸಹೋದರಿಯರು ಮುಂಗಾರಿಗೆ ಮೊದಲೇ ಬಂದು ಒಯ್ಯಬಹುದು. ದಾರಿಯಲ್ಲಿ ಪೊಟ್ಟಣವು ನೆನೆಯದಿರಲಿ.