ತಿಮ್ಮ, ತಿಮ್ಮಪ್ಪ ಇತ್ಯಾದಿ

ಒಂದೇ ಹಾಳೆಯ ಮೇಲೆ ಮೂವರು ಏಕಕಾಲದಲ್ಲಿ, ಅದೂ ಮೂರು ಊರುಗಳಲ್ಲಿ ಕುಳಿತು ಬರೆಯಬಹುದೆಂದು ಹೇಳಿದಾಗ ನಮ್ಮ ಅಪ್ಪ ಅಚ್ಚರಿಪಡಲಿಲ್ಲ. “ಕಿತ್ತಾಡದೆ ಬರೆದರೆ ಸರಿ,” ಎಂದರು. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದವರು. ಪದವಿಯ ಹೊಸ್ತಿಲಲ್ಲಿ ನಿಂತ ನಾನು ಒಳಗೊಳಗೇ ನಕ್ಕೆ.

ಇತಿಹಾಸದ ಅಧ್ಯಾಪಕರು ನಮಗೊಪ್ಪಿಸಿದ್ದು ಶರಾವತಿ ಮುಳುಗಡೆಯ ಕುಟುಂಬಗಳ ವರದಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ನೀರಿಗೆ ಊರು ಬಿಟ್ಟುಕೊಟ್ಟವರು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲೂ ಅದರಾಚೆಗೂ ಚೆದುರಿದರು. ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿರುವವರು ಅವರಲ್ಲಿದ್ದಾರೆ. ಸಾಗರ ನನ್ನ ಪಾಲು, ಹೊಸನಗರ ಒಬ್ಬ ಮಿತ್ರನದು, ತೀರ್ಥಹಳ್ಳಿ ಸಹಪಾಠಿಯೊಬ್ಬಳದು. ದಸರಾ ರಜೆಯಲ್ಲಿ ಗೂಗಲ್ ಡಾಕ್ಸಿನ ಒಂದೇ ಕಡತದಲ್ಲಿ ಮೂವರೂ ಬರೆಯತೊಡಗಿದೆವು. ನಾನು ಮಾತ್ರ ಅದಕ್ಕಾಗಿ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಸಿಗ್ನಲ್ ಎಂಬ ದೇವತೆ ಅಲ್ಲಿಯ ಮತ್ತಿಮರದ ಬುಡದಲ್ಲಿ ಮಾತ್ರ ಪ್ರತ್ಯಕ್ಷಳಾಗುತ್ತಾಳೆ!

ತೀರ್ಥಹಳ್ಳಿಯವಳು ಯಜಮಾನರ ಹೆಸರುಗಳನ್ನು ಹಳೆಯ ಕಾಗದಗಳಲ್ಲಿದ್ದಂತೆಯೇ ಇಳಿಸಿದ್ದಳು: ‘ತಿಮ್ಮ ಬಿನ್ ಕರಿಯ’. ಓದಿ ನನಗೆ ಮುಳ್ಳು ಚುಚ್ಚಿದಂತಾಯಿತು. ನಮ್ಮ ಅಜ್ಜನೂ ಕಾಗದದಲ್ಲಿ ಬರಿಯ ತಿಮ್ಮನೇ. ಒಂದು ‘ಅಪ್ಪ’ ಸೇರಿಸಲು ಆ ಗುಮಾಸ್ತನಿಗೆ ಶಾಯಿ ಸಾಲದೆ ಹೋಯಿತೇ? ಯಾರನ್ನೂ ಕೇಳದೆ, ಕಡತದಲ್ಲಿದ್ದ ತಿಮ್ಮರೆಲ್ಲರನ್ನೂ ಒಂದೇ ಆಜ್ಞೆಯಿಂದ ತಿಮ್ಮಪ್ಪರನ್ನಾಗಿ ಮಾಡಿ, ಹೆಮ್ಮೆಯಿಂದ ಗುಡ್ಡವಿಳಿದೆ.

ಯಂತ್ರಕ್ಕೆ ಮರ್ಯಾದೆಯೇನು ಗೊತ್ತು? ಮರುದಿನ ನೋಡಿದರೆ ತಿಮ್ಮಕ್ಕ ‘ತಿಮ್ಮಪ್ಪಕ್ಕ’ಳಾಗಿದ್ದಳು, ಮೊದಲೇ ತಿಮ್ಮಪ್ಪನಾಗಿದ್ದವನು ‘ತಿಮ್ಮಪ್ಪಪ್ಪ’ನಾಗಿದ್ದ. ಹೊಸನಗರದ ಮಿತ್ರ ಹೊಟ್ಟೆ ಹಿಡಿದು ನಕ್ಕನಂತೆ. ಆಕೆ ನಗಲಿಲ್ಲ. ಅಂಚಿನಲ್ಲಿ ಬರೆದಿದ್ದಳು: “ಆ ಮನೆಯಲ್ಲಿ ಉಳಿದಿರುವುದು ಅದೊಂದೇ ಕಾಗದ. ನಮ್ಮ ವರದಿಯಲ್ಲಿ ತಿಮ್ಮಪ್ಪ ಎಂದಿದ್ದರೆ, ಇವನು ಬೇರೆ ಅವನು ಬೇರೆ ಎಂದು ನಾಳೆ ಯಾರಾದರೂ ಹೇಳಿದರೆ?”

ಹೆಸರಿನ ಒಂದಕ್ಷರದ ವ್ಯತ್ಯಾಸಕ್ಕಾಗಿ ನಮ್ಮಪ್ಪನೇ ಕಚೇರಿಯೊಂದರ ಮೆಟ್ಟಿಲು ಸವೆಸಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಮಾಡಿದ್ದೆ. ಸರ್ಕಾರಿ ಕಡತದ ಟಿಪ್ಪಣಿ ಹಾಳೆಯಲ್ಲಿ ಕೂಡ, ಗುಮಾಸ್ತ ಬರೆದುದರ ಕೆಳಗೆ ಅಧಿಕಾರಿ ತನ್ನ ಮಾತು ಬರೆದು ಸಹಿ ಹಾಕುತ್ತಾನೆಯೇ ಹೊರತು, ಒಪ್ಪದಿದ್ದರೂ ಅವನ ಸಾಲನ್ನು ಅಳಿಸುವುದಿಲ್ಲ.

ಡಾಕ್ಸಿನಲ್ಲಿ ಯಾರು, ಯಾವಾಗ, ಏನು ತಿದ್ದಿದರೆಂಬ ಇತಿಹಾಸ ಉಳಿದಿರುತ್ತದೆ. ಹಿಂದಿನ ಪ್ರತಿಗೆ ಮರಳಬಹುದು. ಆದರೆ ಹಾಗೆ ಮರಳಿದರೆ ಅನಂತರ ಇತರರು ಬರೆದುದೂ ಎದುರಿನಿಂದ ಮಾಯವಾಗುತ್ತದೆ. ನಾನು ಗುಡ್ಡವಿಳಿದ ಮೇಲೆ ಮಿತ್ರ ರಾತ್ರಿ ಕುಳಿತು ಎರಡು ಪುಟ ಬರೆದಿದ್ದ. ಅದನ್ನು ಮೊದಲು ಬೇರೆಡೆ ನಕಲು ಮಾಡಿಟ್ಟುಕೊಂಡು, ಹಳೆಯ ಪ್ರತಿಯನ್ನು ಹಿಂದಕ್ಕೆ ತಂದು, ಅವನ ಪುಟಗಳನ್ನು ಮತ್ತೆ ಸೇರಿಸಿದೆವು. ಮತ್ತಿಮರದ ಕೆಳಗೆ ಒಂದು ಮಧ್ಯಾಹ್ನ, ಮೇಲೆ ಮಳೆ. ಕೊನೆಗೆ ಹೆಸರುಗಳಿಗೆ ಎರಡು ಕಾಲಂ ಮಾಡಿದವಳು ಆಕೆಯೇ: ‘ಕಾಗದದಲ್ಲಿ’, ‘ಊರಿನಲ್ಲಿ’.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿದೆ: “ಅಜ್ಜನನ್ನ ಊರವರು ತಿಮ್ಮಪ್ಪ ಅಂತಿದ್ರಾ?”

“ತಿಮ್ಮಪ್ಪನೂ ಅಲ್ಲ, ತಿಮ್ಮನೂ ಅಲ್ಲ. ದೊಡ್ಡವರು ಸಣ್ಣವರು ಎಲ್ಲಾ ತಿಮ್ಮಣ್ಣ ಅಂತಿದ್ರು.”

ಬೆಳಿಗ್ಗೆ ಗುಡ್ಡ ಹತ್ತಿ, ಎರಡನೆಯ ಕಾಲಂನಲ್ಲಿ ಹಾಗೆಯೇ ಬರೆದೆ. ಉಳಿದಿಬ್ಬರೂ ಅದನ್ನು ಮುಟ್ಟಲಿಲ್ಲ.