ನೀಲಿ ಪಂಪು ಮತ್ತು ನಮ್ಮ ಸಂಕೋಚ

ಯಡ್ರಾಮಿಯ ಸುತ್ತಮುತ್ತ ತೊಗರಿ ರಾಶಿ ಆರಂಭವಾದೊಡನೆ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಕೆಮ್ಮೂ ಆರಂಭವಾಗುತ್ತಿತ್ತು. ಅವರ ತಲೆದಿಂಬಿನ ಕೆಳಗೆ ಸದಾ ಒಂದು ನೀಲಿ ಇನ್ಹೇಲರ್ ಇರುತ್ತಿತ್ತು. ಅತಿಥಿಗಳು ಬಂದರೆ ಅದು ಸೆರಗಿನೊಳಗೆ ಮರೆಯಾಗುತ್ತಿತ್ತು. ಮನೆಯಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಗಳಿದ್ದಳು. ದಮ್ಮಿನ ಮನೆಯೆಂಬ ಹೆಸರು ಬಂದೀತೆಂದು ನಾವೆಲ್ಲರೂ ಅಂಜುತ್ತಿದ್ದೆವು.

ಒಂದು ರಮಝಾನಿನ ದಿನ ಅಸರ್ ನಮಾಝಿನ ನಂತರ ಅವರಿಗೆ ಉಸಿರು ಕಟ್ಟಿತು. ಮಗ್ರಿಬ್‌ಗೆ ಇನ್ನು ಸ್ವಲ್ಪವೇ ಸಮಯವಿದೆಯೆಂದು ಪಂಪನ್ನು ಮುಟ್ಟಲಿಲ್ಲ. ಅವರ ದೃಢತೆಯನ್ನು ನಾವು ಭಕ್ತಿಯೆಂದೇ ಬಗೆದೆವು. ತುಟಿಗಳು ನೀಲಿಗಟ್ಟಿದಾಗ 108ಕ್ಕೆ ಕರೆ ಮಾಡಿದೆವು. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಆಸ್ಪತ್ರೆಯ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ನೀಲಿಯ ಜೊತೆಗೆ ಕೊಟ್ಟಿದ್ದ ಇನ್ನೊಂದು ಎಲ್ಲಿ?”

ಇನ್ನೊಂದು ಎಂದೋ ಮುಗಿದಿತ್ತು. ಎಳೆದೊಡನೆ ಹಿತವೆನಿಸದ ಔಷಧಕ್ಕೆ ಹಣವೇಕೆಂದು ನಾವೇ ಬಿಡಿಸಿದ್ದೆವು. ನೀಲಿ ಪಂಪಿನ ಸಾಲ್ಬುಟಮಾಲ್ ಕೆಲವು ಗಂಟೆಗಳ ಕಾಲ ಶ್ವಾಸನಾಳವನ್ನು ಅಗಲಿಸುತ್ತದೆ, ಒಳಗಿನ ಊತವನ್ನು ಮಾತ್ರ ಇಳಿಸುವುದಿಲ್ಲ. ಊತವನ್ನು ಇಳಿಸುವುದು ನಿತ್ಯವೂ ಸೇದಬೇಕಾದ ಬುಡೆಸೊನೈಡ್‌ನಂತಹ ಔಷಧ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು 13 ಶೇಕಡಾ ಮಂದಿ ಭಾರತದಲ್ಲಿದ್ದಾರೆ. ಆದರೆ ಅಸ್ತಮಾ ಸಾವುಗಳಲ್ಲಿ 40 ಶೇಕಡಾಕ್ಕೂ ಹೆಚ್ಚು ನಮ್ಮ ದೇಶದವೆಂದು ಅಂದಾಜಿಸಲಾಗಿದೆ. ಈ ಅಂತರಕ್ಕೆ ಒಂದು ಮುಖ್ಯ ಕಾರಣ ಆ ಎರಡನೆಯ ಪಂಪಿನ ಗೈರುಹಾಜರಿಯೇ.

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಈಗ ಅಸ್ತಮಾ ಕೂಡ ಇದೆ. ಎರಡೂ ಬಗೆಯ ಇನ್ಹೇಲರ್‌ಗಳು 2022ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವುದು ಹಳ್ಳಿಯ ಆರೋಗ್ಯ ಕೇಂದ್ರದ ಕಪಾಟಿನಲ್ಲಿಯೂ ಇರಬೇಕೆಂದು ಕೇಳುವುದು ನಮ್ಮ ಹಕ್ಕು. 2016ರ ಉಜ್ವಲ ಯೋಜನೆಯು ಒಲೆಯ ಹೊಗೆಯನ್ನು ತಗ್ಗಿಸಲು ಬಂದಿತು. ನಮ್ಮಲ್ಲಿ ಸಿಲಿಂಡರ್ ಬಂದ ಮೇಲೂ ಸ್ನಾನದ ನೀರು ಕಟ್ಟಿಗೆಯಲ್ಲೇ ಕಾಯುತ್ತಿತ್ತೆಂಬುದು ಬೇರೆ ಮಾತು.

ಇನ್ಹೇಲರ್‌ನಿಂದ ಉಪವಾಸ ಭಂಗವಾಗುತ್ತದೆಯೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ರೋಗಿಯು ಬೇರೆ ದಿನಗಳಲ್ಲಿ ಉಪವಾಸ ಪೂರೈಸಬಹುದೆಂಬ ಅಲ್ ಬಕರಾ ಅಧ್ಯಾಯದ ರಿಯಾಯಿತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದನ್ನು ಓದಿಯೂ ನಾವು ಆ ಸಂಜೆ ಸುಮ್ಮನಿದ್ದೆವು.

ಈಗ ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಾಣುತ್ತೇವೆ. ಅವರು ಹೇಳಿದಂತೆ ಚಿಕ್ಕಮ್ಮ ನಿತ್ಯದ ಔಷಧವನ್ನು ಸಹರಿ ಮತ್ತು ಇಫ್ತಾರಿನ ವೇಳೆ ಸೇದಿ ಬಾಯಿ ಮುಕ್ಕಳಿಸುತ್ತಾರೆ. ಎರಡು ಪಂಪುಗಳೂ ಪಡಸಾಲೆಯ ಗೂಡಿನಲ್ಲಿ, ಬಂದವರಿಗೆಲ್ಲ ಕಾಣುವಂತೆ, ಖರ್ಜೂರದ ಡಬ್ಬಿಯ ಪಕ್ಕದಲ್ಲಿವೆ.