ವಿದ್ಯಾರಣ್ಯಪುರದ ಕೆರೆ ಎಷ್ಟು ಅಗಲ?

ವಿದ್ಯಾರಣ್ಯಪುರವೆಂಬ ಹೆಸರನ್ನು ಕೇಳಿದೊಡನೆ ‘ಪಂಚದಶಿ’ಯನ್ನು ರಚಿಸಿದ, ವಿಜಯನಗರದ ಸ್ಥಾಪನೆಯೊಡನೆ ಪರಂಪರೆಯು ಬೆಸೆದಿರುವ ಆ ಯತಿವರ್ಯರ ನೆನಪಾಗುವುದು ಸಹಜ. ಆದರೆ ಬೆಂಗಳೂರಿನ ಉತ್ತರಕ್ಕಿರುವ ಈ ಬಡಾವಣೆಗೆ ಮೊದಲ ಬಾರಿ ಬಂದವರ ಕಣ್ಣಿಗೆ ಬೀಳುವುದು ವಿದ್ಯೆಯೂ ಅಲ್ಲ, ಅರಣ್ಯವೂ ಅಲ್ಲ. ಒಂದರ ಹೆಗಲಿಗೊಂದು ಹೆಗಲು ತಾಗಿಸಿ ನಿಂತ ಮನೆಗಳು, ಅವುಗಳ ಮುಂದೆ ಇದ್ದಷ್ಟು ಜಾಗದಲ್ಲಿಯೇ ತಲೆಯೆತ್ತಿದ ಹೊಂಗೆ ಮರಗಳು. ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕಾರ್ಖಾನೆ ಇರುವುದು ಪಕ್ಕದ ಜಾಲಹಳ್ಳಿಯಲ್ಲಿ. ಅಲ್ಲಿ ದುಡಿದವರು ಅನೇಕರು ಇತ್ತ ಮನೆ ಕಟ್ಟಿಕೊಂಡರು. ಬಿ.ಇ.ಎಲ್. ಬಡಾವಣೆ ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಅಂಥದೊಂದು ಮನೆಯ ಮಹಡಿಯ ಮೇಲೆ, ನಿವೃತ್ತರಾಗಿ ಬಹುಕಾಲವಾದ ಹಿರಿಯರೊಬ್ಬರಿದ್ದಾರೆ. ಪ್ರತಿದಿನ ಬೆಳಗಿನ ಜಾವ ದೊಡ್ಡಬೊಮ್ಮಸಂದ್ರದ ಕೆರೆಯ ದಂಡೆಯಲ್ಲಿ ನಡೆದು ಬರುವುದು ಅವರ ಸಂಧ್ಯಾವಂದನೆಯಷ್ಟೇ ನಿಯತವಾದ ಕರ್ಮವಾಗಿತ್ತು. ಸೊಂಟದ ಮೂಳೆ ಮುರಿದ ಮೇಲೆ ಮೆಟ್ಟಿಲು ಇಳಿಯುವುದೇ ನಿಂತುಹೋಯಿತು. ಸಂಜೆ ಮನೆಗೆ ಬಂದ ಮಗನನ್ನು ಅವರು ಕೇಳುತ್ತಿದ್ದುದು ಒಂದೇ ಮಾತು: “ಕೆರೆ ಹೇಗಿದೆಯಪ್ಪಾ?”

ಬ್ಯಾಂಕಿನ ನೌಕರನಾದ ಮಗ ಅದಕ್ಕೆಂದೇ ವಿಡಿಯೋ ತೆಗೆಯಬಲ್ಲ ಕ್ಯಾಮೆರಾವನ್ನು ಕೊಂಡ. ಅದರೊಡನೆ ಬಂದದ್ದು ೧೮ರಿಂದ ೫೫ ಮಿಲಿಮೀಟರಿನ ಸಾಧಾರಣ ಮಸೂರ. ಅಷ್ಟು ದೊಡ್ಡ ಕೆರೆ ಇದರಲ್ಲಿ ಹಿಡಿಸೀತೇ ಎಂದು ಅವನಿಗೆ ಅನುಮಾನ. ಬೆಲೆ ಕೇಳಿ ಎದೆ ಝಲ್ಲೆಂದಿದ್ದರಿಂದ ಕೊಳ್ಳುವ ಗೋಜಿಗೆ ಹೋಗದೆ, ೧೦ರಿಂದ ೨೦ ಮಿಲಿಮೀಟರಿನ ವಿಶಾಲಕೋನದ ಮಸೂರವೊಂದನ್ನು ಎರಡು ದಿನದ ಬಾಡಿಗೆಗೆ ತಂದ. ಇದು ವಿವೇಕದ ಕೆಲಸವೆಂದೇ ಹೇಳಬೇಕು. ಮಸೂರದ ಗುಣ ಅಂಗಡಿಯ ಗಾಜಿನ ಹಿಂದೆ ತಿಳಿಯುವಂಥದಲ್ಲ.

ಅಂಕಿಗಳ ಲೆಕ್ಕ ಸರಳ. ಮಿಲಿಮೀಟರು ಕಡಿಮೆಯಾದಷ್ಟೂ ನೋಟದ ಕೋನ ಹಿಗ್ಗುತ್ತದೆ. ಇಂಥ ಕ್ಯಾಮೆರಾದ ಸಂವೇದಕ ಪೂರ್ಣ ಅಳತೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಕಿರಿದು. ಅದರಲ್ಲಿ ೧೮ ಮಿಲಿಮೀಟರಿಗೆ ಅಡ್ಡಗಲದ ನೋಟ ಸುಮಾರು ೬೬ ಡಿಗ್ರಿ, ೧೦ ಮಿಲಿಮೀಟರಿಗೆ ಸುಮಾರು ೯೯ ಡಿಗ್ರಿ. ಕೈನಡುಕವನ್ನು ಅಡಗಿಸಲು ಕ್ಯಾಮೆರಾ ತಾನೇ ಚಿತ್ರದ ಅಂಚುಗಳನ್ನು ಕತ್ತರಿಸಿದರೆ ಈ ಕೋನ ಇನ್ನಷ್ಟು ಕುಗ್ಗುತ್ತದೆ. ಮುಕ್ಕಾಲಿಯ ಮೇಲೆ ನಿಲ್ಲಿಸಿದರೆ ಆ ನಷ್ಟವಿಲ್ಲ.

ಮೊದಲ ದಿನ ಅವನು ಸೂರ್ಯನಿಗೆ ಬೆನ್ನು ಹಾಕಿ, ಏರಿಯ ಮೇಲೆ ಮುಕ್ಕಾಲಿಯನ್ನು ಹೂಡಿದ. ೧೦ ಮಿಲಿಮೀಟರಿನಲ್ಲಿ ಕೆರೆಯ ಈ ತುದಿಯಿಂದ ಆ ತುದಿಯವರೆಗೆ ಕಂಡಿತು. ಜೊತೆಗೆ, ಕೆಳಗಡೆ ನೀಳವಾಗಿ ಬಿದ್ದ ತನ್ನದೇ ನೆರಳೂ ಮುಕ್ಕಾಲಿಯ ಮೂರು ಕಾಲುಗಳೂ ಕಂಡವು! ಅವನ್ನು ತಪ್ಪಿಸುವಷ್ಟರಲ್ಲಿ ಬಿಸಿಲೇರಿತು. ವಿಡಿಯೋದಲ್ಲಿ ಚಲನೆ ಸಹಜವಾಗಿ ಕಾಣಬೇಕಾದರೆ ಸೆಕೆಂಡಿಗೆ ೨೫ ಚಿತ್ರಗಳಿಗೆ ಶಟರ್ ಒಂದು ಸೆಕೆಂಡಿನ ೫೦ರಲ್ಲೊಂದು ಭಾಗ ತೆರೆದಿರುವುದು ವಾಡಿಕೆ. ಬಯಲ ಬಿಸಿಲಿಗೆ ಅದು ಅತಿಯಾಯಿತು. ಬೆಳಕನ್ನು ತಗ್ಗಿಸುವ ಬೂದುಬಣ್ಣದ ಫಿಲ್ಟರು ಬೇಕು. ಬಾಡಿಗೆಯ ಮಸೂರಕ್ಕೆ ಅದನ್ನು ತಿರುಪಿ ಕೂಡಿಸುವ ಅನುಕೂಲವಿತ್ತು, ಪುಣ್ಯ. ಮುಂಗಾಜು ಗುಳ್ಳೆಯಂತೆ ಉಬ್ಬಿರುವ ಕೆಲವು ಅತಿವಿಶಾಲ ಮಸೂರಗಳಿಗೆ ಆ ಭಾಗ್ಯವಿಲ್ಲ. ಬಯಲಿನಲ್ಲಿ ವಿಡಿಯೋ ತೆಗೆಯುವವರು ಕೊಳ್ಳುವ ಮೊದಲು ಇದೊಂದನ್ನು ನೋಡಿಕೊಳ್ಳುವುದು ಲೇಸು. ಆಕಾಶವನ್ನು ಗಾಢನೀಲಿ ಮಾಡುವ ಪೋಲರೈಸರ್ ಫಿಲ್ಟರನ್ನು ಇಷ್ಟು ಅಗಲದ ನೋಟಕ್ಕೆ ಬಳಸುವುದೂ ಕ್ಷೇಮವಲ್ಲ. ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಮಸಿ ಬಳಿದಂತೆ ಕಾಣುವುದುಂಟು.

ಸಂಜೆ ಟೆಲಿವಿಷನ್ನಿನ ಪರದೆಯ ಮೇಲೆ ಕೆರೆ ತೆರೆಯಿತು. ಹಿರಿಯರು ಕನ್ನಡಕವನ್ನೊರಸಿ ನೋಡಿದರು.

“ಇದು ಯಾವ ಊರಿನದಪ್ಪಾ?”

“ನಮ್ಮ ಕೆರೆಯೇ ಅಪ್ಪಾ, ನೀವು ನಡೆಯುತ್ತಿದ್ದ ಏರಿಯ ಮೇಲಿಂದಲೇ ತೆಗೆದದ್ದು.”

“ಸಮುದ್ರದ ಹಾಗಿದೆ. ಆಚೆ ದಡದ ಮರಗಳೆಲ್ಲಿ?”

ಮರಗಳು ಇದ್ದವು, ಬೆಂಕಿಕಡ್ಡಿಗಳನ್ನು ನೆಟ್ಟಂತೆ. ನಿಂತ ಜಾಗ ಬದಲಾಗದಿದ್ದರೆ, ೧೮ರಲ್ಲಿ ಕಾಣುವ ಮರಕ್ಕಿಂತ ೧೦ರಲ್ಲಿ ಕಾಣುವ ಮರ ಹೆಚ್ಚು ಕಡಿಮೆ ಅರ್ಧದಷ್ಟೇ ಎತ್ತರ. ವಿಶಾಲಕೋನ ಹೆಚ್ಚು ನೋಟವನ್ನು ಒಳಗೆ ತರುತ್ತದೆಂಬುದು ನಿಜ. ಆದರೆ ಇದ್ದುದೆಲ್ಲವನ್ನೂ ದೂರಕ್ಕೆ ತಳ್ಳಿ ತರುತ್ತದೆ. ಮಗನಿಗೆ ಮುಖ ಚಿಕ್ಕದಾಯಿತು.

ಅಗಲದ ಮೋಹ ಅವನೊಬ್ಬನದಲ್ಲ. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು ೧೯೫೯ರ ‘ಕಾಗಜ್ ಕೆ ಫೂಲ್’ನಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವನ್ನು ಸೆರೆಹಿಡಿದರು. ಅಲ್ಲಿ ಮಸೂರವು ದೃಶ್ಯವನ್ನು ಅಡ್ಡಗಲದಲ್ಲಿ ಹಿಂಡಿ ಫಿಲ್ಮಿಗೆ ಇಳಿಸುತ್ತಿತ್ತು. ಪ್ರದರ್ಶನದ ಮಸೂರವು ಮತ್ತೆ ಹಿಗ್ಗಿಸುತ್ತಿತ್ತು. ಅದು ತೆರೆಯ ಅಗಲ, ಇದು ನೋಟದ ಅಗಲ; ಎರಡನ್ನೂ ಒಂದೆಂದು ತಿಳಿಯಬಾರದು. ಅಷ್ಟು ಅಗಲದ ತೆರೆಯಲ್ಲಿ ಜನ ಇಂದಿಗೂ ನೆನೆಯುವುದು ಬರಿದಾದ ಸ್ಟುಡಿಯೋದೊಳಗೆ ಇಳಿಯುವ ಒಂದೇ ಒಂದು ಬೆಳಕಿನ ಕೋಲನ್ನು. ಅವರು ಕಲಿತ ಆ ತರಬೇತಿ ಮುಂದೆ ವಿದ್ಯಾರಣ್ಯಪುರಕ್ಕೆ ವಾಯವ್ಯದ ಹೆಸರಘಟ್ಟಕ್ಕೆ ಸ್ಥಳಾಂತರಗೊಂಡಿತು. ಛಾಯಾಗ್ರಹಣ ಕಲಿಯುವವರಿಗೆ ಅಲ್ಲಿ ವಿಸ್ತಾರವಾದ ಹುಲ್ಲುಗಾವಲೂ, ಅರ್ಕಾವತಿಗೆ ಅಡ್ಡಲಾಗಿ ೧೮೯೪ರಲ್ಲಿ ಕಟ್ಟಿದ ಕೆರೆಯೂ ಇವೆ.

ಮರುದಿನ ಮಗ ಬಾಡಿಗೆಯ ಮಸೂರವನ್ನು ಚೀಲದಲ್ಲಿಯೇ ಬಿಟ್ಟು, ತನ್ನ ಹಳೆಯ ೧೮ನ್ನೇ ಹಾಕಿಕೊಂಡ. ಕೆರೆಯನ್ನು ಇಡಿಯಾಗಿ ಹಿಡಿಯುವ ಹಟವನ್ನು ಬಿಟ್ಟು, ತಂದೆ ದಣಿವಾರಿಸಿಕೊಳ್ಳುತ್ತಿದ್ದ ಕಲ್ಲುಬೆಂಚಿನ ಪಕ್ಕದಲ್ಲಿ, ಕುಳಿತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾವನ್ನು ಇಳಿಸಿದ. ಮುಂದೆ ಬೆಂಚಿನ ತುದಿ, ಅದರಾಚೆ ಜೊಂಡು, ಜೊಂಡಿನ ಸಂದಿನಲ್ಲಿ ಒಂಟಿಕಾಲಿನ ಬೆಳ್ಳಕ್ಕಿ, ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ, ಕೊನೆಗೆ ಆಚೆ ದಡ. ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಬಲು ನಿಧಾನವಾಗಿ ಹೊರಳಿಸಿದ. ಕೆರೆಯ ಅಗಲ ತಾನಾಗಿಯೇ ಬಂತು.

ಮನೆಗೆ ಮರಳುವ ಬೀದಿಯಲ್ಲಿ ಮಾತ್ರ ಕಥೆ ತಿರುಗುಮುರುಗು. ಓಣಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ೧೮ರಲ್ಲಿ ಅರ್ಧ ಮನೆ, ಕಾಲು ಮರ. ಚೀಲದಲ್ಲಿದ್ದ ೧೦ ಹೊರಗೆ ಬಂತು. ಗೇಟು, ಹೊಂಗೆ, ಎದುರು ಮನೆಯ ರಂಗೋಲಿ, ಎಳನೀರಿನ ಗಾಡಿ, ಎಲ್ಲವೂ ಒಂದೇ ನೋಟದಲ್ಲಿ ಕೂಡಿಕೊಂಡವು. ಬಯಲಿಗೆಂದು ತಂದ ಮಸೂರ ಓಣಿಗೆ ಒದಗಿತೆಂದರೆ ಅಂಗಡಿಯವನೂ ನಗುತ್ತಿದ್ದನೇನೋ! ದುರ್ಗಾಪರಮೇಶ್ವರಿ ದೇವಸ್ಥಾನದ ಮುಂದೆ ಕ್ಯಾಮೆರಾವನ್ನು ಮೇಲಕ್ಕೆತ್ತಿದಾಗ ಎತ್ತರದ ಗೋಪುರವು ಹಿಂದಕ್ಕೆ ವಾಲಿ ಬಿದ್ದೇಬಿಡುವಂತೆ ಕಂಡಿತು. ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ರಸ್ತೆಯ ಆಚೆಗೆ ದಾಟಿದ ಮೇಲೆ ನೆಟ್ಟಗಾಯಿತು. ಅಂಚಿನಲ್ಲಿ ಸಿಕ್ಕಿಕೊಂಡ ಹೂವಾಡಗಿತ್ತಿಯ ಮುಖ ಅಡ್ಡಕ್ಕೆ ಎಳೆದಂತೆ ಕಂಡದ್ದರಿಂದ, ಆಕೆಯನ್ನು ನಡುವಿಗೆ ತಂದು ಮತ್ತೊಮ್ಮೆ ತೆಗೆಯಬೇಕಾಯಿತು. ಆಕೆ ಬೇಸರಿಸಲಿಲ್ಲ, “ಅಯ್ನೋರು ಈಗ ಹೆಂಗವ್ರೆ?” ಎಂದು ವಿಚಾರಿಸಿ, ಒಂದು ಮೊಳ ಮಲ್ಲಿಗೆಯನ್ನು ಕಾಸಿಲ್ಲದೆ ಕಟ್ಟಿಕೊಟ್ಟಳು.

ಅಂದು ರಾತ್ರಿ ಹಿರಿಯರು ಕಲ್ಲುಬೆಂಚನ್ನು ಕಂಡು ಮಾತಾಡಲಿಲ್ಲ. ನೀರುಕಾಗೆ ಹಾರಿಹೋಗುವವರೆಗೂ ನೋಡಿದರು. ಬೀದಿಯ ದೃಶ್ಯ ಬಂದಾಗ ಮಾತ್ರ ತಟ್ಟನೆ ಕೈಯೆತ್ತಿದರು.

“ನಿಲ್ಲಿಸು, ನಿಲ್ಲಿಸು. ಎಳನೀರಿನ ಗಾಡಿ ಮೂಲೆಯಲ್ಲಿತ್ತಲ್ಲ, ನಮ್ಮ ಗೇಟಿನ ಹತ್ತಿರಕ್ಕೆ ಯಾವಾಗ ಬಂತು?”

ಮಗ ಮತ್ತೆ ಮೊದಲಿನಿಂದ ತೋರಿಸಿದ.